ಅಕ್ಕ, ತಂಗಿ, ಹನ್ನೆರಡು ವಾರ: ಸಭೆಯ ಹೆಂಗಸರು ವಿಶ್ವಾಸದ ಹಾದಿಯಲ್ಲಿ ಒಬ್ಬರಿಗೊಬ್ಬರು ಜೊತೆಯಾಗುವ ಬಗೆ

ಭಾನುವಾರದ ಆರಾಧನೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೆಂಗಸರು ಆಡುವ ಮಾತು ಹೆಚ್ಚುಕಡಿಮೆ ಒಂದೇ. ‘ಚೆನ್ನಾಗಿದ್ದೀಯೇನಮ್ಮ?’ ‘ದೇವರ ದಯೆ ಅಕ್ಕ, ಚೆನ್ನಾಗಿದ್ದೀನಿ.’ ಅಷ್ಟರಲ್ಲಿ ಆಟೋ ಬರುತ್ತದೆ, ಮಗು ರಚ್ಚೆ ಹಿಡಿಯುತ್ತದೆ, ಮನೆಯಲ್ಲಿ ಅಡುಗೆ ಕಾದಿರುತ್ತದೆ. ಹೊಸದಾಗಿ ಮದುವೆಯಾಗಿ ಬಂದವಳು, ಗಂಡನನ್ನು ಕಳೆದುಕೊಂಡವಳು, ಕ್ರೈಸ್ತ ಮನೆಯಲ್ಲೇ ಹುಟ್ಟಿ ಬೆಳೆದರೂ ಈಗ ಪ್ರಾರ್ಥನೆಗೆ ಮನಸ್ಸೇ ಕೂಡದ ಕಾಲೇಜು ಹುಡುಗಿ, ಎಲ್ಲರೂ ‘ಚೆನ್ನಾಗಿದ್ದೀನಿ’ ಎಂದೇ ಮನೆಗೆ ಹೋಗುತ್ತಾರೆ. ಸ್ತ್ರೀಯರ ಕೂಟ ನಡೆಯುತ್ತದೆ, ನಿಜ. ಆದರೆ ಇಪ್ಪತ್ತು ಮೂವತ್ತು ಜನರ ಮುಂದೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ಬಿಚ್ಚಬೇಕೆಂದು ಬಯಸುವುದೂ ಸರಿಯಲ್ಲ.

ಆ ಜಾಗ ತುಂಬುವ ಒಂದು ಕ್ರಮ ಇದು: ವಿಶ್ವಾಸದಲ್ಲಿ ಪಳಗಿದ ಒಬ್ಬಳು, ಜೊತೆ ಬೇಕೆನ್ನುವ ಇನ್ನೊಬ್ಬಳು, ವಾರಕ್ಕೆ 1 ಗಂಟೆ, ಒಟ್ಟು 12 ವಾರ. ಕರ್ನಾಟಕದ ಕನ್ನಡ ಸಭೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇವೆ. ಸಿಎಸ್‌ಐ, ಮೆಥೋಡಿಸ್ಟ್, ಕಥೋಲಿಕ, ಪೆಂತೆಕೊಸ್ತ್ ಯಾವುದೇ ಸಭೆಯವರಾದರೂ ತಮಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದು. ‘ಅಕ್ಕ’, ‘ತಂಗಿ’ ಎಂಬುದು ಇಲ್ಲಿ ವಯಸ್ಸಿನ ಮಾತಲ್ಲ, ಇಬ್ಬರ ಪಾತ್ರದ ಹೆಸರು. ಮೂವತ್ತೈದರ ಅಕ್ಕನಿಗೆ ಐವತ್ತರ ತಂಗಿ ಇರಬಹುದು. ಕರೆಯುವಾಗ ಮಾತ್ರ ವಯಸ್ಸಿಗೆ ತಕ್ಕ ಹಾಗೆ ಆಂಟಿ ಎಂದೋ ಅಮ್ಮ ಎಂದೋ ಕರೆಯಲಿ.

ಇದು ಹೊಸದಾಗಿ ಹುಟ್ಟಿದ ಪದ್ಧತಿಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಭಾರತದ ಮಿಷನ್ನುಗಳು ‘ಬೈಬಲ್ ಸ್ತ್ರೀ’ಯರನ್ನು ನೇಮಿಸಿದ್ದವು. ಹೊರಗಿನ ಗಂಡಸರು ಕಾಲಿಡಲಾಗದ ಒಳಮನೆಗಳಿಗೆ ಈ ಹೆಂಗಸರು ಹೋಗಿ, ಅಕ್ಷರ ಕಲಿಸುತ್ತಾ ಸತ್ಯವೇದ ಓದಿ ಹೇಳುತ್ತಿದ್ದರು. ಅದಕ್ಕೂ ಹಿಂದೆ ಹೋದರೆ ತೀತನಿಗೆ ಬರೆದ ಪತ್ರಿಕೆಯ 2:3-5 ಇದೆ. ಅಲ್ಲಿ ಹಿರಿಯ ಹೆಂಗಸರು ಕಿರಿಯರಿಗೆ ಕಲಿಸಲಿ ಎನ್ನುವುದಕ್ಕೂ ಮೊದಲು ಒಂದು ಷರತ್ತು ಬರುತ್ತದೆ: ಅವರು ಚಾಡಿ ಹೇಳುವವರಾಗಿರಬಾರದು. ಬೋಧನೆಯ ಮಾತು ಆಮೇಲಿನದು. ಈ ಕ್ರಮದಲ್ಲಿ ಕೆಡುವುದೆಲ್ಲ ಬಹುಪಾಲು ನಾಲಗೆಯಿಂದಲೇ ಕೆಡುತ್ತದೆ. ಅದಕ್ಕೇ ಈ ಬರಹದ ಅರ್ಧ ಭಾಗ ಕಿವಿಯ ಬಗ್ಗೆ, ಬಾಯಿ ಕಟ್ಟಿಕೊಳ್ಳುವುದರ ಬಗ್ಗೆ ಇದೆ.

ಅಕ್ಕ ಯಾರಾಗಬೇಕು, ಯಾರಾಗಬಾರದು

ಮೊದಲು ಸಭೆಯಲ್ಲಿ ಒಬ್ಬ ಸಂಯೋಜಕಿ ಬೇಕು. ಸ್ತ್ರೀಯರ ಕೂಟದ ಕಾರ್ಯದರ್ಶಿಯೇ ಆಗಬೇಕೆಂದಿಲ್ಲ. ಗುಟ್ಟು ಉಳಿಸಿಕೊಳ್ಳಬಲ್ಲವಳು, ಎಲ್ಲ ಓಣಿಗಳ ಮನೆಗಳನ್ನೂ ಬಲ್ಲವಳು ಆದರೆ ಸಾಕು. ಸಭಾಪಾಲಕರಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆಯಲಿ, ಆದರೆ ಜೋಡಿ ಕಟ್ಟುವ ಕೆಲಸ ಹೆಂಗಸರ ಕೈಯಲ್ಲೇ ಇರಲಿ. ಸಭಾಪಾಲಕರ ಹೆಂಡತಿಯನ್ನೇ ಎಲ್ಲರಿಗೂ ಅಕ್ಕನನ್ನಾಗಿ ಮಾಡುವ ರೂಢಿ ಹಲವು ಕಡೆ ಇದೆ. ಅದು ಆಕೆಗೂ ಅನ್ಯಾಯ, ತಂಗಿಗೂ ಕಷ್ಟ. ಆಕೆಯ ಬಳಿ ಹೇಳಿದ್ದು ಅಯ್ಯನವರ ಕಿವಿಗೆ ಬಿದ್ದು ಮುಂದಿನ ಭಾನುವಾರದ ಪ್ರಸಂಗದಲ್ಲಿ ಬಂದೀತೆಂಬ ಭಯ ಯಾವ ತಂಗಿಗೂ ತಪ್ಪಿದ್ದಲ್ಲ.

ಅಕ್ಕನನ್ನು ಆರಿಸುವಾಗ ಚೆನ್ನಾಗಿ ಪ್ರಾರ್ಥಿಸುವವಳು ಯಾರು, ಚೆನ್ನಾಗಿ ಸಾಕ್ಷಿ ಹೇಳುವವಳು ಯಾರು ಎಂದು ಹುಡುಕಬೇಡಿ. ಕಷ್ಟದಲ್ಲೂ ಆರಾಧನೆ ಬಿಡದವಳು, ಮನೆಯಲ್ಲಿ ಜಗಳವಾದರೆ ಮರುದಿನ ಮಾತಾಡಿ ಸರಿಮಾಡಿಕೊಳ್ಳುವವಳು, ‘ನನಗೆ ಗೊತ್ತಿಲ್ಲ’ ಎನ್ನಲು ನಾಚದವಳು ಯಾರೆಂದು ನೋಡಿ. ಓದು ಬಾರದವಳೂ ಆಗಬಹುದು. ಹಳೆಯ ಹಾಡಿನ ಪುಸ್ತಕದ ನೂರಾರು ಹಾಡು ಬಾಯಿಪಾಠ ಬರುವ ಅಜ್ಜಿಯರು ನಮ್ಮ ಸಭೆಗಳಲ್ಲಿ ಇನ್ನೂ ಇದ್ದಾರೆ. ತಂಗಿ ಓದುತ್ತಾಳೆ, ಅಜ್ಜಿ ಕೇಳಿಸಿಕೊಂಡು ಮಾತಾಡುತ್ತಾಳೆ. ಇಂಥ ಜೋಡಿಗಳು ಬಹಳ ಚೆನ್ನಾಗಿ ನಡೆಯುತ್ತವೆ, ಏಕೆಂದರೆ ಅಲ್ಲಿ ತಂಗಿಗೂ ಕೊಡಲು ಏನೋ ಒಂದಿದೆ.

ಕೆಲವರು ಎಷ್ಟೇ ಒಳ್ಳೆಯವರಾದರೂ ಬೇಡ. ತಂಗಿಯ ಅತ್ತೆ, ನಾದಿನಿ, ಓರಗಿತ್ತಿ ಬೇಡ. ತಂಗಿಯ ಗಂಡನ ಕಡೆಯ ಹತ್ತಿರದ ನೆಂಟರು ಬೇಡ. ತಂಗಿ ಕೆಲಸ ಮಾಡುವ ಶಾಲೆಯ ಮುಖ್ಯೋಪಾಧ್ಯಾಯಿನಿ, ಆಸ್ಪತ್ರೆಯ ವಾರ್ಡಿನ ಮೇಲಿನವರು ಬೇಡ. ಇವೆಲ್ಲಕ್ಕಿಂತ ಮುಖ್ಯವಾಗಿ, ಇಬ್ಬರ ನಡುವೆ ಚೀಟಿಯ ದುಡ್ಡು, ಸಂಘದ ಸಾಲ, ಒಡವೆ ಅಡ ಇವು ಯಾವುವೂ ಇರಕೂಡದು. ಸ್ವಸಹಾಯ ಸಂಘದಲ್ಲಿ ಒಬ್ಬಳಿಗೆ ಇನ್ನೊಬ್ಬಳು ಜಾಮೀನು ನಿಂತಿದ್ದರೂ ಜೋಡಿ ಬೇಡ. ಕಂತು ತಪ್ಪಿದ ವಾರ ತಂಗಿ ಮನೆಯಲ್ಲಿ ಇರುವುದಿಲ್ಲ, ಫೋನ್ ಎತ್ತುವುದಿಲ್ಲ. ವಿಶ್ವಾಸದ ನಂಟು ಅಲ್ಲಿಗೆ ಮುಗಿಯಿತು.

ಒಬ್ಬ ಅಕ್ಕನಿಗೆ ಒಬ್ಬಳೇ ತಂಗಿ. ತೀರಾ ಬೇಕಾದರೆ ಇಬ್ಬರು, ಬೇರೆ ಬೇರೆ ದಿನ. ಮೂರನೆಯವಳು ಬಂದಾಗ ಅದು ಕೂಟವಾಗುತ್ತದೆ.

ಜೋಡಿ ಕಟ್ಟುವುದು

ವೇದಿಕೆಯಿಂದ ಹೆಸರು ಓದಿ ಜೋಡಿ ಹಾಕಬೇಡಿ. ಸಂಯೋಜಕಿ ಪ್ರತಿಯೊಬ್ಬರನ್ನೂ ಒಬ್ಬೊಬ್ಬರಾಗಿ ಕಂಡು ಒಂದು ಚೀಟಿಯಲ್ಲಿ ನಾಲ್ಕು ವಿಷಯ ಬರೆದುಕೊಳ್ಳಲಿ: ಯಾವ ದಿನ ಯಾವ ಹೊತ್ತು ಬಿಡುವು, ಎಲ್ಲಿ ಕೂತರೆ ನಿರಾಳ, ಓದಲು ಬರುತ್ತದೆಯೇ, ಯಾರು ಜೊತೆಯಾಗುವುದು ಬೇಡ. ನಾಲ್ಕನೆಯ ಪ್ರಶ್ನೆ ಕೇಳಲು ಮುಜುಗರವಾಗುತ್ತದೆ, ಆದರೂ ಅದನ್ನು ಬಿಡಬೇಡಿ. ಕಾರಣ ಮಾತ್ರ ಕೇಳಬೇಡಿ. ಇಬ್ಬರ ಮನೆ ನಡೆದು ಹೋಗುವಷ್ಟು ಹತ್ತಿರ ಇದ್ದರೆ ಅರ್ಧ ಕೆಲಸ ಆದಂತೆ. ಎರಡು ಬಸ್ ಬದಲಿಸಿ ಬರಬೇಕಾದ ಜೋಡಿ ನಾಲ್ಕನೆಯ ವಾರಕ್ಕೆ ನಿಲ್ಲುತ್ತದೆ.

ಶುರು ಮಾಡಲು ಜನವರಿಯ ಎರಡನೆಯ ವಾರ ಅನುಕೂಲ. ಕ್ರಿಸ್ಮಸ್, ಹೊಸ ವರ್ಷದ ಓಡಾಟ ಮುಗಿದಿರುತ್ತದೆ. ಹನ್ನೆರಡು ವಾರ ಎಣಿಸಿದರೆ ಏಪ್ರಿಲ್ ಮೊದಲಿಗೆ, ಈಸ್ಟರ್ ಹಬ್ಬದ ಆಸುಪಾಸಿಗೆ ಮುಗಿಯುತ್ತದೆ. ನಡುವೆ ಮಾರ್ಚ್ ತಿಂಗಳ ಮೊದಲ ಶುಕ್ರವಾರ ವಿಶ್ವ ಪ್ರಾರ್ಥನಾ ದಿನ ಬರುತ್ತದೆ. ಪ್ರತಿ ವರ್ಷ ಒಂದೊಂದು ದೇಶದ ಹೆಂಗಸರು ಸಿದ್ಧಪಡಿಸುವ ಆರಾಧನೆ ಅದು. ಆ ವಾರ ಬೇರೆ ಭೇಟಿ ಇಟ್ಟುಕೊಳ್ಳದೆ ಅಕ್ಕ ತಂಗಿ ಇಬ್ಬರೂ ಅದಕ್ಕೇ ಹೋಗಿ ಅಕ್ಕಪಕ್ಕ ಕೂತು ಬರಬಹುದು. ಮಕ್ಕಳ ಪರೀಕ್ಷೆ ಇರುವ ತಾಯಂದಿರಿಗೆ ಮಾರ್ಚ್ ಕಷ್ಟ. ಅವರ ಜೋಡಿ ಜೂನ್‌ನಲ್ಲಿ ಶುರುವಾಗಲಿ. ಹೊಲದ ಕೆಲಸ ಇರುವವರಿಗೆ ಬಿತ್ತನೆ, ಕಳೆ, ಕೊಯ್ಲಿನ ದಿನಗಳನ್ನು ಅವರನ್ನೇ ಕೇಳಿ ತಿಳಿದುಕೊಂಡು ದಿನ ಗೊತ್ತುಮಾಡಿ.

ಮೊದಲ ಭೇಟಿ: ಐದು ಒಪ್ಪಂದ

ಹನ್ನೆರಡು ವಾರದ ಓದು ಶುರುವಾಗುವ ಮುಂಚಿನ ಈ ಮೊದಲ ಭೇಟಿಯಲ್ಲಿ ಸತ್ಯವೇದ ತೆರೆಯಬೇಕೆಂದಿಲ್ಲ. ಮುಕ್ಕಾಲು ಗಂಟೆ ಸಾಕು. ಚಹಾ ಕುಡಿಯಿರಿ, ಊರು, ತವರು, ಮಕ್ಕಳು ಅಂತ ಮಾತಾಡಿ. ಏಳುವ ಮೊದಲು ಐದು ವಿಷಯ ಇತ್ಯರ್ಥವಾಗಿರಲಿ: ದಿನ ಮತ್ತು ಹೊತ್ತು, ಜಾಗ, ಎಷ್ಟು ಹೊತ್ತು, ಯಾವ ವಾರಕ್ಕೆ ಮುಗಿಯುತ್ತದೆ, ಮತ್ತು ಇಲ್ಲಿ ಆಡಿದ ಮಾತು ಎಲ್ಲಿಯವರೆಗೆ ಇಲ್ಲೇ ಇರುತ್ತದೆ.

ಜಾಗದ ವಿಷಯಕ್ಕೆ ಹೆಚ್ಚು ಗಮನ ಕೊಡಿ. ತಂಗಿಯ ಮನೆಯಲ್ಲಿ ಅತ್ತೆ ಪಡಸಾಲೆಯಲ್ಲಿ ಕೂತಿದ್ದರೆ ತಂಗಿ ಮಾತಾಡುವುದಿಲ್ಲ. ಅಕ್ಕನ ಮನೆಯಲ್ಲಿ ಟಿವಿ ಹಾಕಿದ್ದರೂ ಅದೇ ಕಥೆ. ಆರಾಧನೆ ಇಲ್ಲದ ಹೊತ್ತಿನ ಚರ್ಚು, ಸಂಡೇ ಸ್ಕೂಲ್ ಕೊಠಡಿ, ಚರ್ಚಿನ ಅಂಗಳದ ಮರದ ಕಟ್ಟೆ ಇವು ಒಳ್ಳೆಯವು: ಮಾತು ಬೇರೆಯವರಿಗೆ ಕೇಳಬಾರದು, ಇಬ್ಬರೂ ಕಣ್ಣಿಗೆ ಮಾತ್ರ ಕಾಣುತ್ತಿರಬೇಕು. ತಂಗಿ ಹದಿನೆಂಟು ತುಂಬದ ಹುಡುಗಿಯಾದರೆ ತಾಯಿಗೋ ತಂದೆಗೋ ತಿಳಿಸಿ ಒಪ್ಪಿಗೆ ಪಡೆಯಲೇಬೇಕು. ಬಾಗಿಲು ತೆರೆದ ಜಾಗದಲ್ಲೇ ಕೂರಬೇಕು.

ಗುಟ್ಟಿನ ವಿಷಯದಲ್ಲಿ ಅಕ್ಕ ಸುಳ್ಳು ಮಾತು ಕೊಡಬಾರದು. ‘ನೀನು ಏನು ಹೇಳಿದರೂ ನನ್ನ ಹೊಟ್ಟೆಯಲ್ಲೇ ಇರುತ್ತದೆ’ ಎನ್ನಬೇಡಿ. ಹೀಗೆ ಹೇಳಿ: ‘ನೀನು ಹೇಳಿದ್ದನ್ನು ನನ್ನ ಗಂಡನಿಗೂ ಅಯ್ಯನವರಿಗೂ ಹೇಳುವುದಿಲ್ಲ. ಆದರೆ ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಅಂತಾದರೆ, ಮಗುವಿಗೆ ಯಾರಾದರೂ ಕೆಟ್ಟದ್ದು ಮಾಡುತ್ತಿದ್ದಾರೆ ಅಂತಾದರೆ, ಸುಮ್ಮನಿರುವುದಿಲ್ಲ. ಆಗಲೂ ಮೊದಲು ನಿನಗೆ ಹೇಳಿಯೇ ಮುಂದಿನ ಹೆಜ್ಜೆ ಇಡುತ್ತೇನೆ.’ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದೂ ಮುಚ್ಚಿಟ್ಟರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಅದೇ ತಪ್ಪು. ಇದನ್ನು ಪ್ರತಿಯೊಬ್ಬ ಅಕ್ಕನಿಗೂ ಸಂಯೋಜಕಿ ಮೊದಲೇ ತಿಳಿಸಿರಬೇಕು.

ಕಥೋಲಿಕ ಸಭೆಯವರಿಗೆ ಒಂದು ಮಾತು: ಅಕ್ಕನ ಮುಂದೆ ಮನಸ್ಸು ತೆರೆಯುವುದು ಪಾಪನಿವೇದನೆಯಲ್ಲ. ಆ ಸಂಸ್ಕಾರ ಗುರುಗಳ ಬಳಿಯದು. ಅಕ್ಕ ಯಾವ ಸಭೆಯವಳೇ ಆಗಲಿ, ‘ದೇವರು ಕ್ಷಮಿಸಿದ್ದಾನೆ, ಇನ್ನು ಮರೆತುಬಿಡು’ ಎಂದು ತೀರ್ಪಿನ ಹಾಗೆ ಹೇಳುವುದು ಆಕೆಯ ಕೆಲಸವಲ್ಲ.

ವಾರದ ಒಂದು ಗಂಟೆ

ಮೊದಲ 20 ನಿಮಿಷ ತಂಗಿಯ ವಾರ ಹೇಗಿತ್ತೆಂದು ಕೇಳುವುದಕ್ಕೆ. ಆಮೇಲೆ 25 ನಿಮಿಷ ವಾಕ್ಯ. ಕೊನೆಗೆ 10 ನಿಮಿಷ ಪ್ರಾರ್ಥನೆ. ಉಳಿದ 5 ನಿಮಿಷ ಏಳುವಾಗ, ಬಾಗಿಲ ಬಳಿ. ಹೆಂಗಸರು ನಿಜವಾದ ಮಾತು ಹೇಳುವುದು ಎಷ್ಟೋ ಸಲ ಬಾಗಿಲ ಬಳಿಯೇ, ಸೆರಗು ಸರಿಮಾಡಿಕೊಳ್ಳುತ್ತಾ. ಆ ಐದು ನಿಮಿಷವನ್ನು ಬೇರೆ ಯಾವುದಕ್ಕೂ ಕೊಡಬೇಡಿ.

ಕೇಳಿಸಿಕೊಳ್ಳುವಾಗ ಅಕ್ಕನ ಮೊದಲ ನಿಯಮ: ಇಪ್ಪತ್ತು ನಿಮಿಷ ಬುದ್ಧಿವಾದ ಇಲ್ಲ. ‘ನನಗೂ ಹೀಗೇ ಆಗಿತ್ತು’ ಅಂತ ಶುರುಮಾಡುವುದೂ ಇಲ್ಲ. ಆ ಮಾತು ಅನುಕಂಪದಂತೆ ಕಂಡರೂ ಕ್ಷಣದಲ್ಲಿ ತಂಗಿಯ ಕಷ್ಟ ಬದಿಗೆ ಸರಿದು ಅಕ್ಕನ ಕಥೆ ಶುರುವಾಗುತ್ತದೆ. ‘ಆಮೇಲೆ?’, ‘ಆಗ ನಿನಗೆ ಹೇಗನಿಸಿತು?’, ‘ಈ ವಿಷಯ ದೇವರ ಹತ್ತಿರ ಹೇಳಿದ್ದೀಯಾ, ಹೇಳೋಕೆ ಆಗಲಿಲ್ವಾ?’ ಈ ಮೂರು ಪ್ರಶ್ನೆಯಲ್ಲೇ ಬಹಳ ದೂರ ಹೋಗಬಹುದು. ತಂಗಿ ಅತ್ತರೆ ಅಳಲಿ. ನೀರು ಕೊಡಿ, ಸುಮ್ಮನೆ ಕೂತಿರಿ.

1 ಸಮುವೇಲ 1ನೇ ಅಧ್ಯಾಯ ಅಕ್ಕಂದಿರಿಗೆಲ್ಲ ಪಾಠ. ಮಕ್ಕಳಿಲ್ಲದ ಹನ್ನ ದೇವಾಲಯದಲ್ಲಿ ಮನಸ್ಸಿನಲ್ಲೇ ಪ್ರಾರ್ಥಿಸುತ್ತಿದ್ದಳು. ತುಟಿ ಅಲುಗುತ್ತಿತ್ತು, ಸ್ವರ ಕೇಳುತ್ತಿರಲಿಲ್ಲ. ಯಾಜಕನಾದ ಏಲಿ ಅವಳು ಕುಡಿದಿದ್ದಾಳೆಂದು ತಿಳಿದು ಗದರಿದ. ಅಷ್ಟು ವರ್ಷ ದೇವರ ಸೇವೆ ಮಾಡಿದವನಿಗೆ ತನ್ನ ಕಣ್ಣ ಮುಂದಿನ ಪ್ರಾರ್ಥನೆ ಗುರುತಾಗಲಿಲ್ಲ. ಆದರೆ ಹನ್ನ ವಿವರಿಸಿದ ಕೂಡಲೇ ಅವನು ಹಟ ಹಿಡಿಯಲಿಲ್ಲ. ಸಮಾಧಾನದಿಂದ ಹೋಗು ಎಂದು ಆಶೀರ್ವದಿಸಿದ. ಅಕ್ಕ ತಪ್ಪು ತಿಳಿಯುವುದು ಸಹಜ, ತಿದ್ದಿಕೊಳ್ಳಲು ಬರಬೇಕು.

ವಾಕ್ಯ ಓದುವ ರೀತಿ

ಮೊದಲ ವಾರ 23ನೇ ಕೀರ್ತನೆಯಿಂದ ಶುರುಮಾಡಿ. ಆರೇ ವಚನ. ಬಹಳ ಜನಕ್ಕೆ ಬಾಯಿಪಾಠ. ಬಾಯಿಪಾಠ ಬರುವುದರಿಂದಲೇ ಯಾರೂ ಅದನ್ನು ನಿಂತು ನೋಡಿರುವುದಿಲ್ಲ.

ತಂಗಿ ಒಮ್ಮೆ ನಿಧಾನವಾಗಿ ಓದಲಿ. ‘ಯೆಹೋವನು ನನಗೆ ಕುರುಬನು, ಕೊರತೆಪಡೆನು.’ ಕುರಿ ಕಾಯುವವರನ್ನು ನೋಡಿದ್ದೀಯಾ ಎಂದು ಕೇಳಿ. ಬಯಲುಸೀಮೆಯ ತಂಗಿಗೆ ಇದು ಪುಸ್ತಕದ ಮಾತಲ್ಲ. ಹೆಗಲ ಮೇಲೆ ಕಂಬಳಿ ಹೊದ್ದು, ಮಂದೆಯ ಜೊತೆ ಊರೂರು ಅಲೆದು, ಹೊಲದಲ್ಲೇ ರಾತ್ರಿ ಕಳೆಯುವ ಮನುಷ್ಯ ಅವಳ ಕಣ್ಣ ಮುಂದೆ ಬರುತ್ತಾನೆ. ಎರಡನೆಯ ಸಲ ಓದುವಾಗ ಸರ್ವನಾಮಗಳನ್ನು ಗಮನಿಸಲು ಹೇಳಿ. ಮೊದಲ ಮೂರು ವಚನಗಳಲ್ಲಿ ದೇವರು ‘ಆತನು’. ಹಸಿರುಗಾವಲಿನಲ್ಲಿ, ನೀರಿನ ಬಳಿ ದಾವೀದನು ದೇವರ ಬಗ್ಗೆ ಮಾತಾಡುತ್ತಾನೆ. ನಾಲ್ಕನೆಯ ವಚನದಲ್ಲಿ ಕತ್ತಲ ಕಣಿವೆ ಬಂದ ಕೂಡಲೇ ‘ಆತನು’ ಹೋಗಿ ‘ನೀನು’ ಬರುತ್ತದೆ: ನೀನು ಹತ್ತಿರವಿದ್ದೀ. ಕತ್ತಲಲ್ಲಿ ದೇವರ ಬಗ್ಗೆ ಹೇಳುವುದು ನಿಂತು ದೇವರ ಜೊತೆ ಮಾತು ಶುರುವಾಯಿತು. ಇದನ್ನು ಅಕ್ಕ ತಾನೇ ಹೇಳಿಬಿಡಬಾರದು. ‘ಎಲ್ಲಿ ಬದಲಾಯಿತು ನೋಡು’ ಎಂದಷ್ಟೇ ಹೇಳಿ ಕಾಯಬೇಕು. ತಂಗಿಯ ಬೆರಳು ಆ ಪದದ ಮೇಲೆ ತಾನಾಗಿ ನಿಂತರೆ ಆ ಮಾತು ಅವಳದಾಗುತ್ತದೆ.

ಮೂರು ಪ್ರಶ್ನೆ ಸಾಕು, ಯಾವ ಭಾಗ ಓದಿದರೂ ಇವೇ: ಇಲ್ಲಿ ಏನು ಕಾಣಿಸಿತು? ಯಾವ ಮಾತು ಹಿಡಿಸಿತು ಅಥವಾ ಚುಚ್ಚಿತು? ಈ ವಾರ ಇದನ್ನು ಇಟ್ಟುಕೊಂಡು ಏನು ಮಾಡಲಿ? ಮೂರನೆಯದಕ್ಕೆ ಉತ್ತರ ಚಿಕ್ಕದಿರಲಿ. ‘ಇನ್ನು ದಿನಾ ಒಂದು ಗಂಟೆ ಪ್ರಾರ್ಥಿಸುತ್ತೇನೆ’ ಎಂದು ತಂಗಿ ಹೇಳಿದರೆ ‘ಸೋಮವಾರ ಹಾಲು ಕಾಯಿಸುವಾಗ ಐದು ನಿಮಿಷ’ ಎಂಬಲ್ಲಿಗೆ ಇಳಿಸಿ. ದೊಡ್ಡ ಮಾತು ಮುರಿದಾಗ ಮುಂದಿನ ವಾರ ತಂಗಿ ಬರಲು ನಾಚುತ್ತಾಳೆ. ಹೆಚ್ಚಿನ ಜೋಡಿಗಳು ನಿಲ್ಲುವುದು ಜಗಳದಿಂದಲ್ಲ, ಈ ನಾಚಿಕೆಯಿಂದ.

ಹಳೆಯ ಅನುವಾದದ ಕನ್ನಡ ಕಿರಿಯರಿಗೆ ಕಷ್ಟವಾದರೆ ಸರಳ ಕನ್ನಡದ ಅನುವಾದವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಕಥೋಲಿಕರ ಶ್ರೀಗ್ರಂಥದಲ್ಲಿ ‘ಯೆಹೋವನು’ ಇರುವಲ್ಲಿ ‘ಸರ್ವೇಶ್ವರ’ ಎಂದಿರುತ್ತದೆ. ಬೇರೆ ಬೇರೆ ಸಭೆಯ ಇಬ್ಬರು ಜೋಡಿಯಾದರೆ ಮೊದಲ ದಿನವೇ ಇದನ್ನು ಹೇಳಿಕೊಳ್ಳಿ, ಇಲ್ಲವಾದರೆ ಯಾರ ಪುಸ್ತಕ ಸರಿ ಎಂಬ ಮಾತಿನಲ್ಲೇ ಗಂಟೆ ಕಳೆಯುತ್ತದೆ. ಓದು ಬಾರದವರಿಗೆ ಮೊಬೈಲ್‌ನಲ್ಲಿ ಕನ್ನಡ ಸತ್ಯವೇದದ ಆಡಿಯೋ ಸಿಗುತ್ತದೆ. ಒಂದು ಭಾಗವನ್ನು ಎರಡು ಸಲ ಕೇಳಿಸಿ.

ಹನ್ನೆರಡು ವಾರಕ್ಕೆ ನಮ್ಮ ಸಲಹೆ ಹೀಗೆ. ಮೊದಲ ಎರಡು ವಾರ 23 ಮತ್ತು 13ನೇ ಕೀರ್ತನೆ. ಹದಿಮೂರನೆಯದು ‘ಎಷ್ಟರವರೆಗೆ?’ ಎಂದು ದೇವರನ್ನೇ ಮತ್ತೆ ಮತ್ತೆ ಕೇಳುವ ಪ್ರಾರ್ಥನೆ. ಗೊಣಗುವುದು ಅವಿಶ್ವಾಸ ಎಂದು ಕಲಿತು ಬೆಳೆದ ಹೆಂಗಸರಿಗೆ ಇದು ದೊಡ್ಡ ಬಿಡುಗಡೆ. ಮುಂದಿನ ನಾಲ್ಕು ವಾರ ರೂತಳ ಪುಸ್ತಕ, ವಾರಕ್ಕೊಂದು ಅಧ್ಯಾಯ. ಅತ್ತೆ ಸೊಸೆಯ ಕಥೆ ಎಂದು ಎಲ್ಲರಿಗೂ ಗೊತ್ತು. ಆದರೆ ಮೊದಲ ಅಧ್ಯಾಯದ ನೊವೊಮಿ ಮಾದರಿ ಹಿರಿಯಳಲ್ಲ. ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡು, ತನ್ನನ್ನು ‘ಮಾರಾ’, ಅಂದರೆ ಕಹಿ, ಎಂದು ಕರೆಯಿರಿ ಎನ್ನುತ್ತಾಳೆ. ರೂತಳು ಅಂಟಿಕೊಂಡದ್ದು ಆ ಕಹಿ ತುಂಬಿದ ನೊವೊಮಿಗೇ. ನನ್ನ ವಿಶ್ವಾಸವೇ ಗಟ್ಟಿಯಿಲ್ಲ, ನಾನೆಂಥ ಅಕ್ಕ ಎಂದು ಹಿಂಜರಿಯುವವರು ಈ ಅಧ್ಯಾಯವನ್ನು ತಾವೇ ಮೊದಲು ಓದಿಕೊಳ್ಳಲಿ. ಒಂದು ಎಚ್ಚರಿಕೆ: ಅತ್ತೆಯಿಂದ ನೊಂದ ತಂಗಿಗೆ ‘ನೋಡು, ರೂತಳ ಹಾಗಿರು’ ಎನ್ನಲು ಈ ಪುಸ್ತಕ ಬಳಸಬೇಡಿ. ರೂತಳನ್ನು ಯಾರೂ ಬಲವಂತ ಮಾಡಲಿಲ್ಲ. ನೊವೊಮಿ ಇಬ್ಬರು ಸೊಸೆಯರಿಗೂ ತವರಿಗೆ ಹೋಗಿ ಎಂದೇ ಹೇಳಿದ್ದಳು.

ಏಳರಿಂದ ಹತ್ತನೆಯ ವಾರದವರೆಗೆ ಲೂಕನ ಸುವಾರ್ತೆಯ ನಾಲ್ಕು ಭಾಗ: 1:39-56, 7:36-50, 10:38-42, 13:10-17. ಮೊದಲನೆಯದರಲ್ಲಿ ಎಲಿಸಬೇತಳ ಮನೆಗೆ ಮರಿಯಳು ಬರುತ್ತಾಳೆ. ಮದುವೆಗೆ ಮೊದಲೇ ಬಸುರಾದ ಹುಡುಗಿ. ಎಲಿಸಬೇತಳು ‘ಹೇಗಾಯಿತು, ಯಾರಿಗೆ ಗೊತ್ತು, ಯೋಸೇಫ ಏನಂದ’ ಎಂದು ಒಂದೂ ಕೇಳುವುದಿಲ್ಲ. ಮೊದಲು ಆಶೀರ್ವಾದ. ಆ ಆಶೀರ್ವಾದದ ಬೆನ್ನಿಗೇ ಮರಿಯಳ ಹಾಡು ಬರುತ್ತದೆ. ಮರಿಯಳು ಅಲ್ಲಿ ಸುಮಾರು ಮೂರು ತಿಂಗಳು ಇದ್ದು ಮನೆಗೆ ಹಿಂದಿರುಗಿದಳೆಂದು 56ನೇ ವಚನ ಹೇಳುತ್ತದೆ. ಹನ್ನೆರಡು ವಾರವೆಂಬ ನಮ್ಮ ಲೆಕ್ಕಕ್ಕೂ ಅದೇ ಅಳತೆ.

ಮಾರ್ಥ ಮರಿಯಳ ಭಾಗವನ್ನು ಎಚ್ಚರದಿಂದ ಓದಿ. ಅಡುಗೆಮನೆಯ ಹೆಂಗಸನ್ನು ಬೈಯಲು ಇದನ್ನು ಬಳಸಿ ಬಳಸಿ ಸವೆಸಿದ್ದಾರೆ. ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು, ಮಕ್ಕಳ ಡಬ್ಬಿ ಕಟ್ಟಿ, ಕೆಲಸಕ್ಕೆ ಹೋಗಿ ಬರುವ ತಂಗಿಗೆ ‘ನೀನು ಮಾರ್ಥ ಆಗಬೇಡ’ ಎಂದರೆ ಅದು ಸುವಾರ್ತೆಯಾಗಿ ಕೇಳುವುದಿಲ್ಲ. ಯೋಹಾನ 11:27ನ್ನೂ ಜೊತೆಗೆ ಓದಿ. ಯೇಸುವೇ ಕ್ರಿಸ್ತನು, ದೇವಕುಮಾರನು ಎಂದು ಬಾಯಿತುಂಬ ಹೇಳಿದವಳು ಇದೇ ಮಾರ್ಥ. ಹದಿನೆಂಟು ವರ್ಷ ಬೆನ್ನು ಬಾಗಿದ್ದ ಹೆಂಗಸಿನ ಭಾಗವನ್ನು (13:10-17) ಮುಂದಿನ ವಾರಕ್ಕೆ ಇಡುವುದು ಇದಕ್ಕಾಗಿಯೇ. ಅವಳು ಏನೂ ಬೇಡಿಕೊಳ್ಳಲಿಲ್ಲ, ಯೇಸುವೇ ಅವಳನ್ನು ನೋಡಿ ಕರೆದ.

ಕೊನೆಯ ಎರಡು ವಾರ ಫಿಲಿಪ್ಪಿಯವರ 4ನೇ ಅಧ್ಯಾಯ, 103ನೇ ಕೀರ್ತನೆ. ಫಿಲಿಪ್ಪಿಯಲ್ಲಿ ‘ಯಾವಾಗಲೂ ಸಂತೋಷಪಡಿರಿ’ ಎಂಬ ಮಾತಿಗೆ ಸ್ವಲ್ಪ ಮೊದಲು ಪೌಲನು ಇಬ್ಬರು ಹೆಂಗಸರಿಗೆ, ಯುವೊದ್ಯಳಿಗೂ ಸಂತುಕೆಗೂ, ಒಂದೇ ಮನಸ್ಸಿನಿಂದಿರಿ ಎಂದು ಬೇಡಿಕೊಳ್ಳುತ್ತಾನೆ. ಸುವಾರ್ತೆಗಾಗಿ ತನ್ನ ಜೊತೆ ದುಡಿದವರ ನಡುವಿನ ಮನಸ್ತಾಪ ಅದು. ಸ್ತ್ರೀಯರ ಕೂಟದಲ್ಲಿ ವರ್ಷಗಟ್ಟಲೆ ಮಾತು ಬಿಟ್ಟವರಿದ್ದರೆ ಈ ಭಾಗ ಹೆಚ್ಚು ವಿವರಣೆ ಕೇಳುವುದಿಲ್ಲ.

ಪ್ರಾರ್ಥನೆ

ಪ್ರಾರ್ಥನೆಗೆ ಮೊದಲು ‘ಯಾವುದಕ್ಕಾಗಿ ಪ್ರಾರ್ಥಿಸಲಿ?’ ಎಂದು ಕೇಳಿ. ತಂಗಿ ಹೇಳಿದ್ದಕ್ಕಷ್ಟೇ ಪ್ರಾರ್ಥಿಸಿ. ಬುದ್ಧಿ ಹೇಳಬೇಕಾದುದನ್ನು ಕಣ್ಣು ಮುಚ್ಚಿ ದೇವರಿಗೆ ಹೇಳುವ ಅಭ್ಯಾಸ ನಮ್ಮಲ್ಲಿ ಬೇರುಬಿಟ್ಟಿದೆ: ‘ಕರ್ತನೇ, ಈ ಮಗಳ ಸಿಟ್ಟನ್ನು ಕಡಿಮೆಮಾಡು, ಗಂಡನ ಮಾತು ಕೇಳುವ ಮನಸ್ಸು ಕೊಡು.’ ಇದು ಪ್ರಾರ್ಥನೆಯ ಹೆಸರಿನಲ್ಲಿ ಗದರಿಕೆ. ತಂಗಿಗೆ ಎದುರು ಮಾತಾಡುವ ದಾರಿಯೂ ಇರುವುದಿಲ್ಲ.

ತಂಗಿಯೂ ಒಂದು ವಾಕ್ಯವಾದರೂ ಬಾಯಿಬಿಟ್ಟು ಪ್ರಾರ್ಥಿಸಲಿ. ಪದ ಸಿಗದಿದ್ದರೆ ‘ಅಪ್ಪಾ, ನನಗೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ’ ಎಂದರೂ ಆಯಿತು. ಸಭೆಯಲ್ಲಿ ಜೋರಾಗಿ, ಉದ್ದಕ್ಕೆ, ವಚನ ಪೋಣಿಸಿ ಪ್ರಾರ್ಥಿಸುವವರನ್ನು ಕೇಳಿ ಕೇಳಿ ತನಗೆ ಪ್ರಾರ್ಥನೆ ಬರುವುದಿಲ್ಲವೆಂದು ತಿಳಿದ ಹೆಂಗಸರು ಎಷ್ಟೋ. ಅಂಥವಳ ಮುಂದೆ ಅಕ್ಕ ಬೇಕೆಂದೇ ಚಿಕ್ಕದಾಗಿ, ಮನೆಮಾತಿನಲ್ಲಿ ಪ್ರಾರ್ಥಿಸಲಿ.

ಇಲ್ಲಿ ಕೇಳಿದ್ದನ್ನು ಮನೆ ಪ್ರಾರ್ಥನೆಯಲ್ಲೋ ವಾಟ್ಸಾಪ್ ಗುಂಪಿನಲ್ಲೋ ‘ಪ್ರಾರ್ಥನಾ ವಿಷಯ’ ಅಂತ ಹಾಕುವುದು ಈ ಕ್ರಮವನ್ನು ಮುರಿಯುವ ಅತಿ ಸುಲಭ ದಾರಿ. ಹೆಸರು ಬಿಟ್ಟು ‘ನಮ್ಮ ಓಣಿಯ ಒಬ್ಬ ಸಹೋದರಿಗಾಗಿ’ ಎಂದರೂ ಯಾರೆಂದು ಹತ್ತು ನಿಮಿಷದಲ್ಲಿ ಎಲ್ಲರಿಗೂ ತಿಳಿದಿರುತ್ತದೆ.

ಉಪವಾಸ ಪ್ರಾರ್ಥನೆ ಮಾಡುವ ಸಭೆಗಳಲ್ಲಿ ಅಕ್ಕ ತಂಗಿಯ ಮೇಲೆ ಉಪವಾಸ ಹೇರಬಾರದು. ಬಸುರಿ, ಬಾಣಂತಿ, ಹಾಲೂಡಿಸುವವಳು, ಸಕ್ಕರೆ ಕಾಯಿಲೆಯವಳು ಊಟ ಬಿಡುವುದು ಅಪಾಯ. ರಕ್ತಹೀನತೆ ಇರುವವರೂ ಹಾಗೆಯೇ. ಒಂದು ಹೊತ್ತು ಫೋನ್ ಬಿಡುವುದೂ ಉಪವಾಸವೇ.

ಎಲ್ಲಿ ಕೆಡುತ್ತದೆ

‘ಕರ್ತನು ನನಗೆ ಹೇಳಿದನು, ನೀನು ಈ ಹುಡುಗನನ್ನು ಮದುವೆಯಾಗು.’ ಇಂಥ ಮಾತು ಬಂದಲ್ಲಿ ಸಂಯೋಜಕಿ ತಕ್ಷಣ ಮಧ್ಯೆ ಬರಬೇಕು. ಮದುವೆ, ಕೆಲಸ, ಆಸ್ತಿ, ಮಕ್ಕಳ ಓದು ಈ ನಾಲ್ಕರಲ್ಲಿ ಅಕ್ಕ ತೀರ್ಮಾನ ಹೇಳಬಾರದು. ಮಾತ್ರೆ ನಿಲ್ಲಿಸು, ವಿಶ್ವಾಸವಿಡು ಎನ್ನುವುದಂತೂ ಸಲ್ಲದು. ಮಾನಸಿಕ ಕಾಯಿಲೆಯ ಮಾತ್ರೆಗಳನ್ನು ತಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಿ ಜೀವಕ್ಕೇ ಮುಳುವಾಗಬಹುದು. ಎರಡು ವಾರದಿಂದ ನಿದ್ದೆಯಿಲ್ಲ, ಊಟ ಬೇಡ, ಸಾಯುವ ಮಾತಾಡುತ್ತಾಳೆ ಎಂದಾದರೆ ಪ್ರಾರ್ಥಿಸುತ್ತಲೇ ವೈದ್ಯರ ಬಳಿ ಕರೆದುಕೊಂಡು ಹೋಗಿ. 14416ಕ್ಕೆ ಕರೆಮಾಡಿದರೆ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು.

ಗಂಡ ಹೊಡೆಯುತ್ತಾನೆ ಎಂದು ತಂಗಿ ಹೇಳಿದಾಗ ‘ತಾಳ್ಮೆಯಿಂದಿರು, ನಿನ್ನ ಪ್ರಾರ್ಥನೆಯಿಂದ ಬದಲಾಗುತ್ತಾನೆ’ ಎನ್ನಬೇಡಿ. ಆ ಮಾತು ಎಷ್ಟೋ ಹೆಂಗಸರನ್ನು ಮತ್ತೆ ಅದೇ ಪೆಟ್ಟಿಗೆ ಕಳಿಸಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹೆಂಗಸಿಗೆ ರಕ್ಷಣೆಯ ಆದೇಶ ಕೇಳುವ, ಗಂಡನ ಮನೆಯಲ್ಲಿ ವಾಸಿಸುವ ಹಕ್ಕು ಕೊಡುತ್ತದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮಕ್ಕಳ ವಿಷಯಕ್ಕೆ 1098. ಈ ಸಂಖ್ಯೆಗಳು ಅಕ್ಕನ ಸತ್ಯವೇದದ ಹಿಂದಿನ ಪುಟದಲ್ಲಿ ಬರೆದಿರಲಿ. ಅಕ್ಕ ತಾನೇ ಹೋಗಿ ಗಂಡನಿಗೆ ಬುದ್ಧಿ ಹೇಳಬಾರದು. ಅದರ ಫಲ ಆ ರಾತ್ರಿ ತಂಗಿಯ ಮೈಮೇಲೆ ಬೀಳುತ್ತದೆ.

ಕ್ರೈಸ್ತನಲ್ಲದ ಗಂಡನ ಮನೆಯಲ್ಲಿರುವ ತಂಗಿ ಬೇರೆ ಬಗೆಯ ಪ್ರಶ್ನೆ ತರುತ್ತಾಳೆ: ಕುಂಕುಮ ಇಡಬಹುದೇ, ಹಬ್ಬದ ಅಡುಗೆ ಮಾಡಬಹುದೇ, ಪ್ರಸಾದ ಕೊಟ್ಟರೆ ಏನು ಮಾಡಲಿ? ಸಭೆಗಳಲ್ಲಿ ಇದಕ್ಕೆ ಬೇರೆ ಬೇರೆ ಉತ್ತರಗಳಿವೆ. ಅಕ್ಕ ತನ್ನ ಉತ್ತರವನ್ನು ಆಜ್ಞೆಯಂತೆ ಕೊಡದಿರಲಿ. ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೇ ಅಧ್ಯಾಯ, 1 ಕೊರಿಂಥ 8 ಜೊತೆಗೂಡಿ ಓದಿ, ಅವಳ ಮನಸ್ಸಾಕ್ಷಿ ಏನು ಹೇಳುತ್ತದೆಂದು ಕೇಳಿ. ಆ ಮನೆಯಲ್ಲಿ ಮರುದಿನವೂ ಬಾಳಬೇಕಾದವಳು ತಂಗಿ, ಅಕ್ಕನಲ್ಲ.

ಮಕ್ಕಳಾಗದ ತಂಗಿಗೆ ಹನ್ನ, ಸಾರಾ, ಎಲಿಸಬೇತ್ ಉದಾಹರಣೆ ಕೊಟ್ಟು ‘ನಿನಗೂ ಕೊಡುತ್ತಾನೆ’ ಎನ್ನಬೇಡಿ. ಅವಳು ಆ ಕಥೆಗಳನ್ನು ನಮಗಿಂತ ಹೆಚ್ಚು ಸಲ ಓದಿರುತ್ತಾಳೆ.

ದುಡ್ಡು ಕೊಡಬೇಡಿ, ಪಡೆಯಬೇಡಿ. ನೆರವು ಬೇಕೇ ಬೇಕಾದರೆ ಸಂಯೋಜಕಿಯ ಮೂಲಕ ಸಭೆಯ ಸಹಾಯ ನಿಧಿಯಿಂದ ಹೋಗಲಿ, ಅಕ್ಕನ ಕೈಯಿಂದಲ್ಲ.

ದೂರದಲ್ಲಿದ್ದರೆ

ಬೆಂಗಳೂರಿನ ಪಿ.ಜಿ.ಯಲ್ಲಿರುವ ಹುಡುಗಿ, ಕೊಲ್ಲಿ ದೇಶದಲ್ಲಿರುವ ನರ್ಸ್ ಇವರಿಗೂ ಇದು ಸಾಧ್ಯ. ಗಂಟೆಯನ್ನು 30 ನಿಮಿಷಕ್ಕೆ ಇಳಿಸಿ. ಪಾಳಿ ಬದಲಾಗುವವರು ವಾರದ ದಿನ ಗೊತ್ತುಮಾಡದೆ, ಡ್ಯೂಟಿ ಪಟ್ಟಿ ಬಂದ ದಿನವೇ ಮುಂದಿನ ಭೇಟಿಯ ಹೊತ್ತು ಹೇಳಿಬಿಡಲಿ. ಗಲ್ಫಿನ ಕೆಲವು ಕಡೆ ವಾಟ್ಸಾಪ್ ಕರೆ ಕೂಡುವುದಿಲ್ಲ, ಧ್ವನಿ ಸಂದೇಶ ಹೋಗುತ್ತದೆ. ಅಕ್ಕ ಕೀರ್ತನೆ ಓದಿ ಕಳಿಸಲಿ, ತಂಗಿ ಬಿಡುವಾದಾಗ ಕೇಳಿ ಎರಡು ಮಾತು ಕಳಿಸಲಿ. ಒಂದೇ ಕೋಣೆಯಲ್ಲಿ ನಾಲ್ವರಿರುವ ಕಡೆ ಇಯರ್‌ಫೋನ್ ಹಾಕಿಕೊಂಡರೂ ತಂಗಿಯ ಮಾತು ಉಳಿದವರಿಗೆ ಕೇಳುತ್ತದೆ. ‘ಈಗ ಮಾತಾಡಬಹುದಾ?’ ಎಂದು ಮೊದಲು ಕೇಳುವುದನ್ನು ಮರೆಯಬೇಡಿ.

ಹನ್ನೆರಡನೆಯ ವಾರ

ಆರನೆಯ ವಾರ ಸಂಯೋಜಕಿ ಇಬ್ಬರನ್ನೂ ಬೇರೆ ಬೇರೆಯಾಗಿ ಕಂಡು ‘ಮುಂದುವರಿಸಬೇಕಾ?’ ಎಂದಷ್ಟೇ ಕೇಳಲಿ. ಬೇಡ ಎಂದವರಿಗೆ ಕಾರಣ ಕೇಳದೆ ಜೋಡಿ ಬದಲಿಸಲಿ. ಎರಡು ವಾರ ಸತತ ತಪ್ಪಿದ ಜೋಡಿಯನ್ನೂ ಹೋಗಿ ವಿಚಾರಿಸಲಿ.

ಕೊನೆಯ ಭೇಟಿಗೆ ದಿನ ಗೊತ್ತಿರಬೇಕು, ಅದು ತಾನಾಗಿ ಸವೆದು ನಿಲ್ಲಬಾರದು. 103ನೇ ಕೀರ್ತನೆಯ ಎರಡನೆಯ ವಚನ ದೇವರ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ ಎನ್ನುತ್ತದೆ. ಇಬ್ಬರೂ ಒಂದೊಂದು ಹಾಳೆಯಲ್ಲಿ ಈ ಹನ್ನೆರಡು ವಾರದಲ್ಲಿ ಮರೆಯಬಾರದ ಮೂರು ಸಂಗತಿ ಬರೆದು ಓದಿಕೊಳ್ಳಲಿ. ಬರೆಯಲು ಬಾರದವರು ಹೇಳಲಿ, ಇನ್ನೊಬ್ಬಳು ಬರೆದುಕೊಳ್ಳಲಿ. ತಂಗಿಯ ಗುಟ್ಟುಗಳಿರುವ ಟಿಪ್ಪಣಿ ಅಕ್ಕನ ಬಳಿ ಏನಾದರೂ ಇದ್ದರೆ ಅಂದೇ ತಂಗಿಯ ಕೈಗೆ ಕೊಡಲಿ, ಇಲ್ಲವೇ ಅವಳ ಮುಂದೆ ಹರಿದುಹಾಕಲಿ.

ಆಮೇಲೆ ಅವರು ಗೆಳತಿಯರಾಗಿ ಉಳಿಯಬಹುದು, ಫೋನ್ ಮಾಡಿಕೊಳ್ಳಬಹುದು. ಆದರೆ ಅಕ್ಕ ಮೂರು ತಿಂಗಳು ಬೇರೆ ತಂಗಿಯನ್ನು ತೆಗೆದುಕೊಳ್ಳದೆ ಬಿಡುವು ಪಡೆಯಲಿ. ತಂಗಿಯಾಗಿದ್ದವಳನ್ನು ಅವಸರದಿಂದ ಅಕ್ಕನನ್ನಾಗಿ ಮಾಡಬೇಡಿ. ಒಂದು ವರ್ಷ ಕಳೆದ ಮೇಲೆ ಸಂಯೋಜಕಿ ಹೋಗಿ ಕೇಳಲಿ. ಹೊಸ ಚೀಟಿ ಬರೆಯುವಾಗ ಹಳೆಯ ನಾಲ್ಕು ಪ್ರಶ್ನೆಗಳ ಕೆಳಗೆ ಐದನೆಯದೊಂದು ಸೇರಿಸಲಿ: ‘ನಿನ್ನ ಅಕ್ಕ ಮಾಡಿದ್ದರಲ್ಲಿ ಯಾವುದನ್ನು ನೀನು ಮಾಡಬಾರದು ಅನಿಸುತ್ತದೆ?’